ಪರದೇಶಿ ಹುಕುಂ

ದುರ್ಗಿ ಶಿರಸಿಗೆ ಬಂದು ಮುಟ್ಟಿದಾಗ ಬೆಳಗಿನ ಎಂಟು ಗಂಟೆ. ಆಮದಾರ ಶಿವಪುತ್ರಪ್ಪ ಎಂದಿನಂತೆ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಬಂದವರ ಅಹವಾಲು ಕೇಳುತ್ತಿದ್ದ. ಬೊಂಬಾಯಿ ಸರಕಾರ ಹೋಗಿ ಮೈಸೂರು ರಾಜ್ಯ ಬಂದು ನಾಲ್ಕನೆಯ ವರ್ಷ ನಡೆಯುತ್ತಿದ್ದರೂ ಘಟ್ಟದ ಮೇಲಿನವರ ಬಾಯಲ್ಲಿ ಶಾಸಕ ಇನ್ನೂ ಆಮದಾರನೇ. ಒಬ್ಬರಿಗೆ ಬಾವಿ ಬೇಕಿತ್ತು, ಇನ್ನೊಬ್ಬರಿಗೆ ಊರ ಶಾಲೆಗೆ ಮಾಸ್ತರರು ಬೇಕಿದ್ದರು. ಆ ಗುಂಪಿನ ನಡುವೆ ದಾರಿ ಮಾಡಿಕೊಂಡು ಬಂದ ಸಿದ್ದಿ ಹೆಂಗಸನ್ನು ಕಂಡು ಎಲ್ಲರೂ ಮಾತು ನಿಲ್ಲಿಸಿದರು. ಅವಳ ಎಡಗಿವಿ ಓಲೆಯ ತೂತಿನಿಂದ ಕೆಳಕ್ಕೆ ಹರಿದು ಎರಡು ಸೀಳಾಗಿತ್ತು. ರವಿಕೆಯೂ ಸೆರಗೂ ಒಣಗಿದ ರಕ್ತದಿಂದ ಗಡಸಾಗಿದ್ದವು. ಪಾದಕ್ಕೆ ಎಲೆ ಸುತ್ತಿ ಬಳ್ಳಿಯಲ್ಲಿ ಬಿಗಿದುಕೊಂಡಿದ್ದಳು.

“ಆಮದಾರ್ರು ಯಾರ್ರಾ?”

“ನಾನ ಬಾ ತಂಗಿ. ಏನಾತು? ಯಾರು ಹೊಡದ್ರು ನಿನಗ?”

“ನೀವೇ ಹೊಡ್ಸಿದ್ದಂತೆ,” ಎಂದಳು ದುರ್ಗಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. “ಗಡಿ ದಳದ ಸಾಹೇಬ್ರು ಹಾಂಗೇ ಹೇಳ್ದ್ರು. ನಾ ಎಂತದೂ ಮಾಡ್ತಿಲ್ಲ, ನಿಮ್ಮ ಆಮದಾರ್ರು ಬೆಂಗ್ಳೂರಲ್ಲಿ ಒಪ್ಪಿ ಕೊಟ್ಟ ಹುಕುಂ ಇದು ಅಂದ್ರು. ಯಾರದು ಅಂತ ಮುಖ ನೋಡ್ಕಂಡು ಹೋಗ್ವಾ ಅಂದ್ಕಂಡು ಬಂದೆ.”

ಕಟ್ಟೆಯ ಮೇಲಿದ್ದವರಲ್ಲಿ ಯಾರೋ “ಏ, ಸರಿಯಾಗಿ ಮಾತಾಡೇ” ಎಂದು ಗದರಿದರು. ಶಿವಪುತ್ರಪ್ಪ ಕೈ ಮಾಡಿ ಸುಮ್ಮನಾಗಿಸಿ ಅವಳನ್ನು ಒಳಗೆ ಕರೆದುಕೊಂಡು ಹೋದ. ಹೆಂಡತಿ ಪಾರ್ವತವ್ವ ಬಿಸಿನೀರು, ಅರಿಶಿಣ ತಂದು ಕಿವಿ ತೊಳೆಯಲು ಕೂತಳು. ತೊಳೆಯುವಾಗ ದುರ್ಗಿ ಹಲ್ಲು ಕಚ್ಚಿಕೊಂಡೇ ನಡೆದದ್ದನ್ನು ಹೇಳಿದಳು.

ಯಲ್ಲಾಪುರ ತಾಲೂಕಿನಲ್ಲಿ ಮಾಗೋಡಿನ ಆಚೆ, ಕಾಡಿನ ನಡುವಿನ ಬಯಲಲ್ಲಿ, ಸಿದ್ದಿಗಳ ಹದಿನೆಂಟು ಗುಡಿಸಲುಗಳಿದ್ದವು. ಗಂಡಸರು ಕೂಪಿನಲ್ಲಿ, ಅಂದರೆ ಗುತ್ತಿಗೆಯ ಕಾಡಿನಲ್ಲಿ, ಸಾಗವಾನಿ ಕಡಿಯುತ್ತಿದ್ದರು, ಹೆಂಗಸರು ಬಯಲಲ್ಲಿ ರಾಗಿ ಬೆಳೆಯುತ್ತಿದ್ದರು. ಅವರ ಮುತ್ತಜ್ಜಂದಿರನ್ನು ಯಾವುದೋ ಕಾಲದಲ್ಲಿ ಹಡಗಿನಲ್ಲಿ ಗೋವೆಗೆ ತಂದು ಮಾರಿದ್ದರಂತೆ. ಅಲ್ಲಿಂದ ತಪ್ಪಿಸಿಕೊಂಡು ಈ ಕಾಡಿಗೆ ಬಂದು ಎಷ್ಟು ತಲೆಮಾರು ಕಳೆದಿತ್ತೋ ಅವರಿಗೇ ತಿಳಿಯದು. ಮಂಗಳವಾರ ಮಧ್ಯಾಹ್ನ ಗಡಿ ದಳದ ಎರಡು ಲಾರಿ ಬಂದವು. ಕೂಪಿನ ಮೇಸ್ತ್ರಿ ಕೆರಿಯಪ್ಪ ಮುಂದೆ ನಿಂತು ಗುಡಿಸಲುಗಳನ್ನು ತೋರಿಸಿದ. ದಳದ ಸಾಹೇಬ ಸಾಬನೀಸ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಇನ್ನೂ ಪರಂಗಿಯವರ ಆಳ್ವಿಕೆಯಲ್ಲಿದ್ದ ಗೋವೆಯಿಂದ ಬರಲು ಪರವಾನಗಿ ಎಲ್ಲಿ ಎಂದು ಕೇಳಿದ. ನಾವು ಬಂದವರಲ್ಲ, ಹುಟ್ಟಿದ್ದೇ ಇಲ್ಲಿ ಎಂದು ದುರ್ಗಿಯ ಗಂಡ ಮಾದೇವ ಹೇಳಿದ್ದಕ್ಕೆ, “ಮುಖ ನೋಡಿದರೆ ಗೊತ್ತಾಗುತ್ತದೆ” ಎಂದು ನಕ್ಕು ಬೂಟುಗಾಲಿನಿಂದ ಅವನ ಹೊಟ್ಟೆಗೆ ಒದ್ದ. ಒಳಗೆ ಅವಿತಿದ್ದ ದುರ್ಗಿಯನ್ನು ಒಬ್ಬ ಪೇದೆ ಓಲೆಗೆ ಬೆರಳು ಹಾಕಿ ಹೊರಗೆಳೆದ. ಲಾರಿ ಹೊರಡುವ ಮೊದಲೇ ಗುಡಿಸಲುಗಳಿಗೆ ಬೆಂಕಿ ಬಿದ್ದಿತ್ತು.

“ಸೂಪಾ ಕಾಡು ದಾಟಿ ಗಡಿ ಹಳ್ಳದ ಹತ್ರ ಇಳಿಸ್ದ್ರು. ಮೂವತ್ತೊಂದು ಜನ. ನಡೀರಿ ಆ ಬದಿಗೆ ಅಂದ್ರು. ಯಾರೂ ಇಳೀಲಿಲ್ಲ. ಬಂದೂಕಿನ ಹಿಡಿಯಲ್ಲಿ ಬೆನ್ನಿಗೆ ಹೊಡ್ದ್ರು, ಮುದುಕ್ರಿಗೂ ಹೊಡ್ದ್ರು. ಸೊಂಟದ ಮಟ್ಟ ನೀರಿಗೆ ಹೋಗಿದ್ವಿ, ಆ ಬದಿಯ ಪಹರೆಯವ್ರು ಗುಂಡು ಹಾರ್ಸಿದ್ರು. ಹಿಂದೆ ಬಂದ್ರೆ ಇವ್ರು, ಮುಂದೆ ಹೋದ್ರೆ ಅವ್ರು. ನನ್ನ ಗಂಡ ಎದುರಿಗಿದ್ದ. ಬೆನ್ನಲ್ಲಿ ಕೆಂಪು ಕಾಣ್ತು. ಹಾಂಗೇ ಮುಂದಕ್ಕೆ ಮುಗ್ಗರಿಸಿ ನೀರಲ್ಲಿ ಹೋದ.” ದುರ್ಗಿ ಕಿವಿಯ ಮೇಲಿನ ಬಟ್ಟೆಯನ್ನು ತಾನೇ ಒತ್ತಿ ಹಿಡಿದಳು. ಆಮೇಲೆ, “ಮೈದುನ ಬೀರನ ತೊಡೆಗೂ ಗುಂಡು ಬಿತ್ತು. ಅವನ್ನ ಹಿಡ್ಕಂಡು ನೀರಲ್ಲೇ ಕೆಳಕ್ಕೆ ತೇಲ್ಕಂಡು ಬಂದು ಕಾಡು ಹೊಕ್ದೆ. ಉಳ್ದವ್ರು ಕಾಡಲ್ಲಿ ಎಲ್ಲೆಲ್ಲಿಗೋ ಚದುರಿ ಹೋದ್ರು. ಐದು ದಿವ್ಸ ನಡ್ದ್ವಿ. ಅವ ಮಾಗೋಡಿನ ಕಲ್ಲಿನ ಸಂದಿಯಲ್ಲಿ ಮಲಗಿದಾನೆ,” ಎಂದಳು.

ಶಿವಪುತ್ರಪ್ಪನಿಗೆ ಆ ಹುಕುಂ ನೆನಪಿತ್ತು. ಪರವಾನಗಿಯಿಲ್ಲದೆ ಬಂದ ಪರದೇಶಿಗಳನ್ನು ಹೊರಗಟ್ಟುವ ಅಧಿಕಾರ ದಿಲ್ಲಿಯದು. ಗೋವೆಯ ಕಡೆಯಿಂದ ಕಳ್ಳಸಾಗಣೆ, ಬೇಹುಗಾರಿಕೆ ಹೆಚ್ಚಿದೆ ಎಂದು ಹೇಳಿ, ಗಡಿಯ ತಾಲೂಕುಗಳ ಮಟ್ಟಿಗೆ ಆ ಅಧಿಕಾರವನ್ನು ಗಡಿ ದಳದ ಅಧಿಕಾರಿಯ ಕೈಗೆ ಕೊಡುವ ಆದೇಶವನ್ನು ಸರಕಾರ ಎರಡು ವರ್ಷದ ಹಿಂದೆ ತಂದಿತ್ತು. ಯಾರು ಪರದೇಶಿ ಎಂದು ಆ ಅಧಿಕಾರಿಗೆ ಕಂಡರೆ ಸಾಕು. ಕೋರ್ಟಿಲ್ಲ, ಕಚೇರಿಯಿಲ್ಲ, ಅಪೀಲಿಲ್ಲ. ಆದೇಶ ನಡೆಯಬೇಕಾದರೆ ಎರಡು ವರ್ಷಕ್ಕೊಮ್ಮೆ ಸದನದ ಒಪ್ಪಿಗೆ ಬೇಕಿತ್ತು. ಅಂದು ಮಂತ್ರಿಗಳು ನಾಲ್ಕು ನಿಮಿಷ ಮಾತಾಡಿದ್ದರು. ಊಟದ ನಂತರದ ಹೊತ್ತು. ಶಿವಪುತ್ರಪ್ಪ ಬನವಾಸಿ ಕಡೆಯ ಒಂದು ಸೇತುವೆಯ ಅರ್ಜಿ ಓದುತ್ತಿದ್ದವನು, ಪಕ್ಕದವರು ಕೈ ಎತ್ತಿದ್ದನ್ನು ಕಂಡು ತಾನೂ ಎತ್ತಿದ್ದ. ಆ ಒಪ್ಪಿಗೆಯ ಅವಧಿ ಮಾರ್ಚ್ ಕೊನೆಗೆ ಮುಗಿಯುವುದಿತ್ತು. ಇನ್ನೆರಡು ವರ್ಷಕ್ಕೆ ಒಪ್ಪಿಗೆ ಕೇಳುವ ಕಾಗದ ಆಗಲೇ ಅವನ ಮೇಜಿನ ಮೇಲಿತ್ತು.

ಅವನು ಜೀಪಿನ ಕೀಲಿ ಹುಡುಕತೊಡಗಿದಾಗ ಪಾರ್ವತವ್ವ ಬಾಗಿಲಿಗೆ ಬಂದಳು.

“ಮಾಗೋಡಿನ ಕೂಪು ಚಂದ್ರಂದು. ನೀವು ಹೋಗೂದಕ್ಕ ಮೊದಲ ಅವನ್ನ ಒಂದು ಮಾತು ಕೇಳ್ರಿ. ನನ್ನ ಬೆನ್ನಿಗೆ ಬಿದ್ದ ತಮ್ಮ ಅಂವಾ, ಇಂಥಾದ್ದು ಮಾಡಾಂವಲ್ಲ.”

ಚಂದ್ರಶೇಖರಪ್ಪ ಯಲ್ಲಾಪುರದಲ್ಲಿ ಕಟ್ಟಿಗೆಯ ದೊಡ್ಡ ಗುತ್ತಿಗೆದಾರ. ಶಿವಪುತ್ರಪ್ಪನ ಚುನಾವಣೆಗೆ ನಾಲ್ಕು ಲಾರಿ ಓಡಿಸಿದವನು. ಭಾವನನ್ನು ಕಂಡು ಎದ್ದು ಬಂದು ಕಾಲು ಮುಟ್ಟಿದ, ಚಹಾ ತರಿಸಿದ. ವಿಷಯ ಕೇಳಿದ ಮೇಲೆ ಮಾತ್ರ ಕಪ್ಪನ್ನು ಕೆಳಗಿಟ್ಟ.

“ಭಾವಾ, ಆ ಬಯಲಾಗ ಗಿರಣಿ ಹಾಕಬೇಕು ಅಂತ ಎರಡು ವರ್ಷದಿಂದ ಒದ್ದಾಡಾಕತ್ತೀನಿ. ಏಳ್ರಿ ಅಂದ್ರ ಏಳಲಿಲ್ಲ. ಸಾಬನೀಸ ಸಾಹೇಬ್ರು ಬಂದಾಗ, ಇಲ್ಲಿ ಗೋವಾದ ಮಂದಿ ಅದಾರ ನೋಡ್ರಿ ಅಂದೆ. ಇಷ್ಟ ನಾ ಮಾಡಿದ್ದು. ಮುಂದಿಂದು ಸರಕಾರದ ಕೆಲಸ.”

“ಅವರು ಗೋವಾದವರಲ್ಲ ಅಂತ ನಿನಗ ಗೊತ್ತಿತ್ತೋ ಇಲ್ಲೋ?”

“ಎಲ್ಲಿಯವರಾದ್ರೇನ್ರಿ? ಕಾಗದ ಇತ್ತೇನು ಅವರ ಹತ್ರ?”

ಶಿವಪುತ್ರಪ್ಪ ಚಹಾ ಮುಟ್ಟದೆ ಎದ್ದ.

ಬಯಲಲ್ಲಿ ಹದಿನೆಂಟು ಬೂದಿಯ ಗುಡ್ಡೆಗಳಿದ್ದವು. ಸುಟ್ಟ ಕೋಳಿಗಳ ನಾತ ಇನ್ನೂ ಹೋಗಿರಲಿಲ್ಲ. ಗುಡಿಸಲ ಹಿಂದೆ ಕಟ್ಟಿಹಾಕಿದಲ್ಲೇ ಬೆಂದ ಒಂದು ಎಮ್ಮೆ ಹೊಟ್ಟೆ ಉಬ್ಬಿ ಬಿದ್ದಿತ್ತು. ದುರ್ಗಿ ಅದರ ಕಡೆ ತಿರುಗದೆ ಇಳಿಜಾರಿನಲ್ಲಿ ಇಳಿದು, ಕಲ್ಲುಬಂಡೆಗಳ ನಡುವೆ ನಿಂತು ಎರಡು ಸಲ ಕೂಗಿದಳು. ಬೀರ ತೆವಳಿಕೊಂಡು ಹೊರಬಂದ. ಇಪ್ಪತ್ತೆರಡರ ಆಳು. ತೊಡೆ ಕುಂಬಳಕಾಯಿಯಂತೆ ಊದಿ, ಗಾಯದಿಂದ ಹಳದಿ ನೀರು ಜಿನುಗುತ್ತಿತ್ತು. ಶಿವಪುತ್ರಪ್ಪ ತನ್ನ ಧೋತರದ ಅಂಚು ಹರಿದು ಗಾಯಕ್ಕೆ ಸುತ್ತಿದ.

“ನಾ ಎಲ್ಲ ಹೇಳ್ತೆ ಒಡೆಯಾ,” ಎಂದ ಬೀರ. “ಹೊಡ್ದವ್ರಲ್ಲಿ ಮೂರು ಜನರ ಹೆಸ್ರೂ ಗೊತ್ತುಂಟು ನಂಗೆ. ಎಲ್ಲಿ ಬೇಕಾದ್ರೂ ಬಂದು ಹೇಳ್ತೆ.”

ಇಬ್ಬರೂ ಸೇರಿ ಅವನನ್ನು ಹೊತ್ತು ತಂದು ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸುವಷ್ಟರಲ್ಲಿ ದಳದ ಲಾರಿ ಬಂದು ದಾರಿಗೆ ಅಡ್ಡ ನಿಂತಿತು. ಮುಂದಿನ ಸೀಟಿನಿಂದ ಕೆರಿಯಪ್ಪ ಇಳಿದು ಬೆರಳು ತೋರಿಸಿದ. ಹಿಂದಿನಿಂದ ಎಂಟು ಜನ ಪೇದೆಗಳು ಹಾರಿದರು. ಸಾಬನೀಸ ಆಮೇಲೆ ಇಳಿದ. ತೆಳ್ಳಗಿನ, ಇಸ್ತ್ರಿ ಕೆಡದ ಮನುಷ್ಯ.

“ನಮಸ್ಕಾರ ಆಮದಾರ ಸಾಹೇಬರೇ. ಗಾಡಿಯಲ್ಲಿರುವವನು ಪರದೇಶಿ. ಗಡಿ ದಾಟಿಸಿದ ಮೇಲೆ ಕಳ್ಳತನದಿಂದ ಹಿಂದೆ ಬಂದಿದ್ದಾನೆ. ನನ್ನ ವಶಕ್ಕೆ ಕೊಡಿ.”

“ಅವಂಗ ಗುಂಡು ಬಿದ್ದೈತಿ. ಶಿರಸಿ ಆಸ್ಪತ್ರಿಗೆ ಒಯ್ಯಾಕತ್ತೀನಿ. ಬೇಕಾದ್ರ ಅಲ್ಲಿ ಬಂದು ಪಹರೆ ಕೂಡ್ರು.”

“ಹುಕುಮಿನಲ್ಲಿ ಆಸ್ಪತ್ರೆಯ ಮಾತಿಲ್ಲ. ನೀವು ಓದಿಯೇ ಒಪ್ಪಿಗೆ ಕೊಟ್ಟಿರಬೇಕಲ್ಲ?”

ಶಿವಪುತ್ರಪ್ಪ ತಲೆ ತಗ್ಗಿಸಿದ. ಆ ಒಂದು ಕ್ಷಣ ಸಾಕಾಯಿತು. ಇಬ್ಬರು ಪೇದೆಗಳು ಬೀರನ ಕಾಲು ಹಿಡಿದು ಎಳೆದರು. ಗುಂಡು ಬಿದ್ದ ಕಾಲು. ಬೀರ ಕೂಗಿದ ಕೂಗಿಗೆ ಮರದ ಮೇಲಿನ ಹಕ್ಕಿಗಳು ಎದ್ದವು. ದುರ್ಗಿ ಎರಗಿ ಒಬ್ಬನ ಮುಂಗೈಗೆ ಹಲ್ಲು ಹಾಕಿದಳು; ಮತ್ತೊಬ್ಬ ಅವಳ ತಲೆಗೂದಲು ಹಿಡಿದು ನೆಲಕ್ಕೆ ಒಗೆದ. ಕೆಳಗೆ ಬಿದ್ದ ಬೀರ ಕೈ ಊರಿ ಏಳಲು ನೋಡಿದಾಗ ಮೊದಲ ಲಾಠಿ ಕುತ್ತಿಗೆಗೆ ಬಿತ್ತು. ಆಮೇಲೆ ಎಣಿಸುವಂತಿರಲಿಲ್ಲ.

ಶಿವಪುತ್ರಪ್ಪ ಐವತ್ತು ದಾಟಿದವನು. ಕರನಿರಾಕರಣೆಯ ಕಾಲದಲ್ಲಿ ಸಿದ್ದಾಪುರದಲ್ಲಿ ಬ್ರಿಟಿಷರ ಲಾಠಿ ತಿಂದ ಮೇಲೆ ಮೈಗೆ ಪೆಟ್ಟು ಬಿದ್ದದ್ದೇ ಇಲ್ಲ. ಏನು ಮಾಡುತ್ತಿದ್ದೇನೆಂದು ಅವನೇ ಯೋಚಿಸಲಿಲ್ಲ. ಹೋಗಿ ಬೀರನ ಮೇಲೆ ಅಡ್ಡ ಬಿದ್ದ. ಬಂದೂಕಿನ ಹಿಡಿಯೊಂದು ಎಡ ಹೆಗಲಿಗೆ ಬಡಿಯಿತು. ಒಣ ಕಟ್ಟಿಗೆ ಮುರಿದ ಸದ್ದು ತನ್ನ ಮೈಯಿಂದಲೇ ಬಂದದ್ದೆಂದು ಅವನಿಗೆ ತಡವಾಗಿ ತಿಳಿಯಿತು. ಯಾರೋ ಅಂಗಿಯ ಕೊರಳ ಪಟ್ಟಿ ಹಿಡಿದು ಅವನನ್ನು ಎತ್ತಿ ಜೀಪಿನ ಗಾಲಿಗೆ ಒರಗಿಸಿದರು.

“ನಾ ಸದನದ ಸದಸ್ಯ ಅದೀನಿ!”

“ಗುರುತಿನ ಕಾಗದ ತೋರಿಸಿ,” ಎಂದ ಸಾಬನೀಸ.

ಕಾಗದ ಶಿರಸಿಯಲ್ಲಿ ಕೋಟಿನ ಕಿಸೆಯಲ್ಲಿತ್ತು. ಶಿವಪುತ್ರಪ್ಪ ಅಂಗಿಯ ಜೇಬು ತಡಕಿದ್ದನ್ನು ಸಾಬನೀಸ ತಾಳ್ಮೆಯಿಂದ ನೋಡಿದ.

“ಇಲ್ಲವೇ? ಹಾಗಾದರೆ ನೀವು ಯಾರೆಂದು ನನಗೆ ಹೇಗೆ ಗೊತ್ತಾಗಬೇಕು? ಸುಮ್ಮನೆ ಕೂತಿರಿ.”

ಹೀಗೆ ಹೇಳಿ ಪೇದೆಗಳಿಗೆ ತಲೆಯಾಡಿಸಿದ. ಬೀರನ ಕೂಗು ನಿಂತ ಮೇಲೂ ಅವರು ಹೊಡೆದರು. ಶಿವಪುತ್ರಪ್ಪ ಕಣ್ಣು ಮುಚ್ಚಲಿಲ್ಲ. ಮುಚ್ಚಿದರೆ ನೋಡಿದ್ದೇನೆಂದು ಹೇಳಲು ಬರುವುದಿಲ್ಲ ಎಂಬುದೊಂದೇ ಅವನ ತಲೆಯಲ್ಲಿತ್ತು. ಕೆರಿಯಪ್ಪ ಲಾರಿಯ ಮರೆಗೆ ಹೋಗಿ ವಾಂತಿ ಮಾಡುತ್ತಿದ್ದ. ಕೊನೆಗೆ ಒಬ್ಬ ಪೇದೆ ಬೀರನ ಮೂಗಿನ ಹತ್ತಿರ ಕೈಯಿಟ್ಟು ನೋಡಿ ಸಾಹೇಬನ ಕಡೆ ತಿರುಗಿದ. ನೆಲಕ್ಕೆ ಬಿದ್ದಿದ್ದ ದುರ್ಗಿಯ ಕಡೆ ತಿರುಗಿಯೂ ನೋಡದೆ ಹೆಣವನ್ನು ಲಾರಿಗೆ ಹಾಕಿಕೊಂಡು ಅವಸರದಲ್ಲಿ ಹೋದರು. ಕಲ್ಲಿನ ಮೇಲಿಂದ ಜಾರಿ ಬಿದ್ದು ಸತ್ತ ಎಂದು ಬರೆದರಂತೆ. ದುರ್ಗಿ ಜೀಪಿನ ಸ್ಟೀರಿಂಗನ್ನು ಒಂದು ಕಡೆ ಹಿಡಿದುಕೊಂಡಳು, ಶಿವಪುತ್ರಪ್ಪ ಬಲಗೈಯೊಂದರಲ್ಲೇ ಗೇರು ಹಾಕುತ್ತ, ತಿರುಗಿಸುತ್ತ ಶಿರಸಿ ಮುಟ್ಟಿದ.

ಆಸ್ಪತ್ರೆಯಲ್ಲಿ ಹೆಗಲಿಗೆ ಪಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದ ಎರಡನೆಯ ದಿನ ಚಂದ್ರಶೇಖರಪ್ಪ ಬಂದ. ಹಣ್ಣಿನ ಬುಟ್ಟಿ ತಂದಿದ್ದ. ಪಡಸಾಲೆಯಲ್ಲಿ ಕೂತು, ಆದದ್ದು ಆಗಿಹೋಯಿತು, ಭಾವ ಬೆಂಗಳೂರಿಗೆ ಹೋಗಿ ಬಾಯಿ ಬಿಡುವುದು ಬೇಡ, ಪಕ್ಷದವರು ಮುಂದಿನ ಸಲ ಉಪಮಂತ್ರಿ ಮಾಡುವ ಯೋಚನೆಯಲ್ಲಿದ್ದಾರೆ ಎಂದೆಲ್ಲ ಅಕ್ಕನ ಮುಂದೆ ಹೇಳಿದ. ಕೊನೆಗೆ, “ಆ ಹೆಂಗಸನ್ನ ಮನ್ಯಾಗ ಯಾಕ ಇಟ್ಕೊಂಡೀಯಕ್ಕಾ? ಆಕಿನೂ ಪರದೇಶೀನ. ದಳದವರು ಇಲ್ಲಿಗೇ ಬಂದ್ರ ನಿನ್ನ ಮರ್ಯಾದಿ ಏನಾದೀತು?” ಎಂದ.

ಪಾರ್ವತವ್ವ ಹಣ್ಣಿನ ಬುಟ್ಟಿ ಎತ್ತಿ ಅಂಗಳಕ್ಕೆ ಒಗೆದಳು. ಮೋಸಂಬಿಗಳು ಬೀದಿಯವರೆಗೆ ಉರುಳಿದವು.

“ಆಕಿ ಕಿವಿಯೊಳಗಿಂದ ಹುಳ ತಗದಾಕಿ ನಾನು,” ಎಂದಳು. “ನನ್ನ ಗಂಡನ ಎಲುವು ಮುರಿಸಿ ಹಣ್ಣು ತಂದೀಯೇನೋ? ನಡಿ. ಅವ್ವ ಸತ್ತಾಗ ಬಾ, ಅಲ್ಲೀತನಕ ಈ ಹೊಸ್ತಿಲ ತುಳೀಬ್ಯಾಡ.”

ಚಂದ್ರಶೇಖರಪ್ಪ ಎದ್ದವನು ಅಕ್ಕನ ಕೆನ್ನೆಗೆ ಹೊಡೆದ. ಹೊಡೆದ ಮೇಲೆ ತಾನೇ ಬೆಚ್ಚಿ ತನ್ನ ಕೈ ನೋಡಿಕೊಂಡ. ಒಳಗಿನಿಂದ ದುರ್ಗಿ ಒಲೆಯ ಕೊಳ್ಳಿ ಹಿಡಿದು ಬಂದದ್ದನ್ನು ಕಂಡು ಮೆಟ್ಟು ಬಿಟ್ಟೇ ಓಡಿದ.

ಮಾರ್ಚ್ ಇಪ್ಪತ್ತೆಂಟಕ್ಕೆ ಆದೇಶ ಸದನದ ಮುಂದೆ ಬಂತು. ಅದರ ಹಿಂದಿನ ದಿನ ಪಕ್ಷದ ಸಭೆಯಲ್ಲಿ ಮುಖಂಡರೊಬ್ಬರು ಶಿವಪುತ್ರಪ್ಪನ ಪಕ್ಕ ಕೂತು ಮೆಲ್ಲಗೆ ಹೇಳಿದರು: “ಗಡಿಯ ವಿಷಯ ದಿಲ್ಲಿಯದು. ನಾವು ಸುಮ್ಮನೆ ಒಪ್ಪಿಗೆಯ ಮುದ್ರೆ ಒತ್ತುವವರು. ಒಬ್ಬ ಅಧಿಕಾರಿ ತಪ್ಪು ಮಾಡಿದರೆ ಅವನನ್ನು ಎತ್ತಿ ಬೇರೆಡೆ ಹಾಕೋಣ. ಅಧಿಕಾರವನ್ನೇ ಕಿತ್ತುಕೊಳ್ಳಬೇಕೆ?”

“ಅಂವಾ ತಪ್ಪು ಮಾಡಿಲ್ರಿ,” ಎಂದ ಶಿವಪುತ್ರಪ್ಪ. “ನಾವು ಕೊಟ್ಟಷ್ಟ ಮಾಡ್ಯಾನ. ಅದಕ್ಕ ನನಗ ಅಂಜಿಕಿ.”

ದುರ್ಗಿಯನ್ನು ಪ್ರೇಕ್ಷಕರ ಗ್ಯಾಲರಿಯಲ್ಲಿ ಕೂರಿಸಿದ್ದ. ಪಾರ್ವತವ್ವ ಅವಳಿಗೆ ತನ್ನ ಇಳಕಲ್ಲ ಸೀರೆ ಉಡಿಸಿ ಕಳಿಸಿದ್ದಳು. ಮಂತ್ರಿಗಳು ಎದ್ದು ಓದಿದರು: ಎರಡು ವರ್ಷದಲ್ಲಿ ನಾನೂರ ಹನ್ನೆರಡು ಪರದೇಶಿಗಳನ್ನು ಹೊರಗೆ ಕಳಿಸಲಾಗಿದೆ, ಯಾರ ಮೇಲೂ ಬಲಪ್ರಯೋಗವಾಗಿಲ್ಲ, ಮಾಗೋಡಿನ ಬಳಿ ಒಬ್ಬ ಕಾಲು ಜಾರಿ ಸತ್ತದ್ದು ವಿಷಾದನೀಯ, ಮಾನ್ಯ ಸದಸ್ಯರೂ ಅದೇ ಜಾಗದಲ್ಲಿ ಬಿದ್ದು ಪೆಟ್ಟು ಮಾಡಿಕೊಂಡಿದ್ದಾರೆ, ಬೇಗ ಗುಣವಾಗಲಿ ಎಂದು ಹಾರೈಸುತ್ತೇನೆ. ಬೆಂಚುಗಳ ಮೇಲೆ ಅಲ್ಲಲ್ಲಿ ನಗು ಎದ್ದಿತು.

ಶಿವಪುತ್ರಪ್ಪ ಎದ್ದು ನಿಂತ. ಬರೆದು ತಂದ ಭಾಷಣ ಎಡಗೈಯಲ್ಲಿತ್ತು. ಆ ಕೈ ಮೇಲೇಳಲಿಲ್ಲ. ಕಾಗದ ಬಿಟ್ಟು ಮಾತಾಡಿದ.

“ಸಭಾಧ್ಯಕ್ಷರೇ, ನಾ ಬಿದ್ದಿಲ್ರಿ. ನನ್ನ ಹೊಡದಾರ. ಹೊಡಿಯೂ ಮೊದಲ ನನ್ನ ಹತ್ರ ಕಾಗದ ಕೇಳಿದ್ರು, ಕಾಗದ ಇರಲಿಲ್ಲ. ಈ ಸದನದಾಗ ಕುಂತ ಮಂದಿಯೊಳಗ ಎಷ್ಟು ಮಂದಿ ಕಿಸೆದಾಗ, ನಾ ಈ ದೇಶದಾಂವ ಅಂತ ತೋರಸೂ ಕಾಗದ ಐತಿ ಈಗ? ತಗದು ತೋರಸ್ರಿ ನೋಡೂನು.”

ಯಾರೂ ಕಿಸೆಗೆ ಕೈ ಹಾಕಲಿಲ್ಲ.

“ದಿಲ್ಲಿ ಅಧಿಕಾರ ಅಂತೀರಿ. ದಿಲ್ಲಿ ದೂರ ಐತ್ರಿ. ಬೀರ ಅನ್ನೂ ಹುಡುಗನ ಕುತ್ತಿಗಿ ಮ್ಯಾಲ ಬಿದ್ದ ಲಾಠಿ ಈ ಸದನದ್ದು. ಅದರಾಗ ನನ್ನ ಪಾಲೂ ಐತಿ. ಎರಡು ವರ್ಷದ ಹಿಂದ ಓದದ ಒಪ್ಪಿದೆ. ಅದಕ್ಕ ಇವತ್ತು ಮಾಫಿ ಕೇಳಾಕ ಬಂದಿಲ್ಲ, ಅದನ್ನ ತಿರುಗಿ ಇಸಗೊಳ್ಳಾಕ ಬಂದೀನಿ. ಯಾರು ಹೊರಗಿನಾಂವ ಅಂತ ಒಬ್ಬ ಮನುಷ್ಯಾನ ಕಣ್ಣಿಗೆ ಕಂಡರ ಸಾಕು ಅನ್ನೂ ಅಧಿಕಾರಾನ ಯಾರಿಗೂ ಕೊಡಬ್ಯಾಡ್ರಿ. ನನಗೂ ಕೊಡಬ್ಯಾಡ್ರಿ.”

ಆಮೇಲೆ ಮೂವತ್ತೊಂದು ಹೆಸರು ಹೇಳತೊಡಗಿದ. ಪ್ರಯಾಣದಲ್ಲಿ ದುರ್ಗಿಯಿಂದ ಹೇಳಿಸಿ ಬಾಯಿಪಾಠ ಮಾಡಿದ್ದ. ಹದಿನೈದನೆಯ ಹೆಸರಿಗೆ ಮಂತ್ರಿಗಳು ಎದ್ದು, ಈ ವಿಷಯ ಪರರಾಷ್ಟ್ರಕ್ಕೆ ಸಂಬಂಧಿಸಿದ್ದು, ಸದನದ ವ್ಯಾಪ್ತಿಗೆ ಬರದು ಎಂದು ಆಕ್ಷೇಪಿಸಿದರು. ವಿರೋಧ ಪಕ್ಷದವರು ಮೇಜು ಕುಟ್ಟಿ ಎದ್ದರು. “ಹಾಗಿದ್ದರೆ ನಮ್ಮ ಒಪ್ಪಿಗೆ ಯಾಕೆ ಕೇಳುತ್ತೀರಿ?” ಎಂದು ಒಬ್ಬರು ಕೂಗಿದರು. ಅಷ್ಟರಲ್ಲಿ ಮೇಲಿನಿಂದ ಹೆಂಗಸಿನ ದನಿ ಬಂತು.

“ನಾ ಪರರಾಷ್ಟ್ರ ಅಲ್ರಾ! ನಾ ಯಲ್ಲಾಪುರದವ್ಳು!”

ಕಾವಲಿನವರು ದುರ್ಗಿಯ ರಟ್ಟೆ ಹಿಡಿದು ಎಬ್ಬಿಸಿದರು. ಎಳೆದಾಟದಲ್ಲಿ ಸೆರಗು ಜಾರಿ, ಹೊಲಿಗೆ ಬಿಟ್ಟ ಕಿವಿಯಿಂದ ರಕ್ತ ಇಳಿದು ಕೊರಳಿಗೆ ಬಂತು. ಆಡಳಿತ ಪಕ್ಷದ ಹಿಂದಿನ ಬೆಂಚಿನಲ್ಲಿದ್ದ ವಯಸ್ಸಾದ ಸದಸ್ಯೆಯೊಬ್ಬರು ಅದನ್ನು ನೋಡಿ, ಮಾತಾಡದೆ ಎದ್ದು ಹೊರಗೆ ನಡೆದರು. ಅವರ ಹಿಂದೆ ಮೂವರು, ಆಮೇಲೆ ಐವರು, ಆಮೇಲೆ ಒಂದು ಸಾಲಿಗೆ ಸಾಲೇ ಎದ್ದಿತು. ಮುಖ್ಯ ಸಚೇತಕರು ಬಾಗಿಲಲ್ಲಿ ಕೈ ಅಡ್ಡ ಹಿಡಿದು ನಿಂತರೂ ನಿಲ್ಲಿಸಲಾಗಲಿಲ್ಲ. ಮಂತ್ರಿಗಳು ಖಾಲಿ ಬೆಂಚುಗಳನ್ನು ಲೆಕ್ಕ ಹಾಕಿದರು. ಮತಕ್ಕೆ ಹಾಕುವ ಹೊತ್ತು ಬಂದಾಗ, ಆದೇಶವನ್ನು ಮರುಪರಿಶೀಲನೆಗೆ ಹಿಂತೆಗೆದುಕೊಳ್ಳುತ್ತೇನೆ ಎಂದರು. ಮೂರು ದಿನ ಕಳೆದು, ಮಾರ್ಚ್ ಮುಗಿದು, ಹುಕುಂ ತನ್ನಷ್ಟಕ್ಕೆ ಸತ್ತುಹೋಯಿತು.

ಕಾಡಿನಲ್ಲಿ ಚದುರಿದ್ದವರು ಒಬ್ಬೊಬ್ಬರಾಗಿ ಬಯಲಿಗೆ ಮರಳಿದರು. ಮೂವತ್ತೊಂದರಲ್ಲಿ ಇಪ್ಪತ್ತಮೂರು. ಏಪ್ರಿಲ್ ನಡುವೆ ಶಿವಪುತ್ರಪ್ಪ ಜೀಪಿನ ತುಂಬ ಅಕ್ಕಿ ಹೇರಿಕೊಂಡು ದುರ್ಗಿಯೊಂದಿಗೆ ಅಲ್ಲಿಗೆ ಹೋದ. ಗಂಡಸರು ಬಿದಿರು ನಿಲ್ಲಿಸುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಕೆರಿಯಪ್ಪ ಇಬ್ಬರು ಆಳುಗಳ ಜೊತೆ ಬಂದ. ಧಣಿ ಹೇಳಿಕಳಿಸಿದ್ದಾರೆ, ಗಿರಣಿಯ ಜಾಗ, ಬಿದಿರು ಕೀಳಿ ಎಂದ. ಶಿವಪುತ್ರಪ್ಪನನ್ನು ಕಂಡಿರಲಿಲ್ಲವೇನೋ.

ಯಾರು ಮೊದಲು ಹೊಡೆದರೋ ತಿಳಿಯಲಿಲ್ಲ. ಆಳುಗಳಿಬ್ಬರೂ ಓಡಿದರು. ಕೆರಿಯಪ್ಪ ಎಡವಿ ಬಿದ್ದ. ಇಪ್ಪತ್ತು ಜನ ಅವನ ಸುತ್ತ ಮುತ್ತಿಕೊಂಡರು. ಬಿದಿರಿನ ಗಳ, ಕತ್ತಿಯ ಬೆನ್ನು, ಬರಿಗೈ. ದುರ್ಗಿ ಅವನ ತೊಡೆಯ ಮೇಲೆ ಕೂತು ಎರಡೂ ಕೈಯಿಂದ ಕಲ್ಲೆತ್ತಿ ಅವನ ಮೊಣಕಾಲಿಗೆ ಹಾಕಿದಳು. “ತೋರ್ಸು! ಬೆರಳು ತೋರ್ಸು ಈಗ!” ಎಂದು ಕೂಗುತ್ತಿದ್ದಳು. ಶಿವಪುತ್ರಪ್ಪ ಹತ್ತು ಮಾರು ದೂರದಲ್ಲಿದ್ದ. ಅವನ ಕಾಲು ಕದಲಲಿಲ್ಲ. ಹೊಡೆಯಲಿ ಎಂದಿತು ಮನಸ್ಸು. ಜೀಪಿನ ಪಕ್ಕ ಬಿದ್ದ ಬೀರನ ಮುಖ ಕಣ್ಣ ಮುಂದಿತ್ತು. ಎರಡನೆಯ ಸಲ ಕಲ್ಲು ಬಿದ್ದಾಗಲೂ ಅವನು ನಿಂತೇ ಇದ್ದ. ಮೂರನೆಯ ಸಲ ಅವಳು ಕಲ್ಲನ್ನು ತಲೆಯ ಮೇಲಕ್ಕೆ ಎತ್ತಿದಾಗ ಕೆರಿಯಪ್ಪ “ಅಬ್ಬೇ” ಎಂದು ಅವ್ವನನ್ನು ಕರೆದ. ದೊಡ್ಡ ಮೀಸೆಯ ಆ ಗಂಡಸು ಎಳೆಮಗುವಿನಂತೆ ಹಾಗೆ ಅಂದದ್ದು ಕಿವಿಗೆ ಬಿದ್ದ ಮೇಲೆ ಶಿವಪುತ್ರಪ್ಪ ಓಡಿದ. ನಡುವೆ ನುಗ್ಗಿದವನ ಮುರಿದ ಹೆಗಲಿಗೇ ಒಂದು ಗಳ ಬಿತ್ತು. ಅವನ ಕೂಗು ಕೇಳಿ ಜನ ಹಿಂದೆ ಸರಿದರು.

“ಸಾಕು. ಇಂವಾ ಸತ್ರ ನಾಳೆ ಹೊಸ ಹುಕುಂ ಬರತೈತಿ,” ಎಂದ. ಅದು ಪೂರ್ತಿ ನಿಜವಾದ ಕಾರಣವಲ್ಲವೆಂದು ಅವನಿಗೂ ಗೊತ್ತಿತ್ತು.

ದುರ್ಗಿ ಕಲ್ಲು ಕೆಳಗೆ ಹಾಕಿದಳು. ಏದುಸಿರು ಬಿಡುತ್ತ ಅವನನ್ನು ನೋಡಿದಳು. “ಇವನ್ನ ಉಳಿಸ್ಕಂಡ್ರಿ. ನಮ್ಮ ಬೀರನ್ನ ಉಳಿಸ್ಕಣ್ಲಿಲ್ಲ.”

ಕೆರಿಯಪ್ಪನನ್ನು ಜೀಪಿಗೆ ಎತ್ತಿ ಹಾಕಲು ಯಾರೂ ಕೈ ಕೊಡಲಿಲ್ಲ. ಶಿವಪುತ್ರಪ್ಪ ಒಬ್ಬನೇ ಎಳೆದು ಹಾಕಿದ.

ಕೆರಿಯಪ್ಪನ ಕಾಲು ಉಳಿಯಲಿಲ್ಲ, ಜೀವ ಉಳಿಯಿತು. ಈ ಪ್ರಕರಣದ ವಿಚಾರಣೆಗೆ ಸದನ ನೇಮಿಸಿದ ಸಮಿತಿ ಮಳೆಗಾಲದಲ್ಲಿ ಶಿರಸಿಗೆ ಬಂದಾಗ ಅವನು ಮಂಚದ ಮೇಲೆ ಮಲಗಿಕೊಂಡೇ ಕಂಡದ್ದನ್ನೆಲ್ಲ ಹೇಳಿ ಹೆಬ್ಬೆಟ್ಟು ಒತ್ತಿದ. ತನ್ನನ್ನು ಹೊಡೆದವರು ಯಾರೆಂದು ಕೇಳಿದ್ದಕ್ಕೆ, ಮರ ಬಿತ್ತು ಎಂದ. ಸಾಬನೀಸನನ್ನು ಎಂಟು ತಿಂಗಳು ಅಮಾನತಿನಲ್ಲಿಟ್ಟು, ಆಮೇಲೆ ಬೇರೆ ಜಿಲ್ಲೆಗೆ ಹಾಕಿದರು. ಚಂದ್ರಶೇಖರಪ್ಪನ ಮೇಲೆ ಏನೂ ಆಗಲಿಲ್ಲ. ಗಿರಣಿಯನ್ನು ಹಳಿಯಾಳದ ರಸ್ತೆಯಲ್ಲಿ ಹಾಕಿದ, ಅಕ್ಕನ ಮನೆಗೆ ಮಾತ್ರ ಬರಲಿಲ್ಲ. ಪಕ್ಷ ಶಿವಪುತ್ರಪ್ಪನಿಗೆ ಮುಂದಿನ ಚುನಾವಣೆಯ ಟಿಕೇಟು ಕೊಡಲಿಲ್ಲ.

ಅರವತ್ತೊಂದರ ಡಿಸೆಂಬರದಲ್ಲಿ ಭಾರತದ ಸೈನ್ಯ ಗೋವೆಗೆ ಹೋಯಿತು. ಒಂದು ವಾರದಲ್ಲಿ ಗಡಿಯೇ ಇಲ್ಲವಾಯಿತು. ಜನವರಿಯಲ್ಲಿ ದುರ್ಗಿ ಶಿರಸಿಗೆ ಬಂದು, “ಆ ಹಳ್ಳಕ್ಕೆ ಕರ್ಕಂಡು ಹೋಗ್ರಾ” ಎಂದಳು. ಪಹರೆಯ ಚೌಕಿ ಖಾಲಿಯಿತ್ತು. ನೀರು ಮೊಣಕಾಲಿನ ಮಟ್ಟ. ಇಬ್ಬರೂ ದಾಟಿ ಆಚೆಯ ಊರಿಗೆ ಹೋಗಿ ಕೇಳಿದರು. ಕೊಂಕಣಿ ಮಾತಾಡುವ ಮುದುಕಿಯೊಬ್ಬಳು ಗೇರು ತೋಪಿನ ಅಂಚಿಗೆ ಕರೆದುಕೊಂಡು ಹೋಗಿ, ಕಲ್ಲು ಪೇರಿಸಿದ ಎರಡು ಗುಡ್ಡೆ ತೋರಿಸಿದಳು. ನೀರಿನಿಂದ ತೆಗೆದವರು. ಯಾರು ಯಾರೋ ಗೊತ್ತಿಲ್ಲ; ಒಬ್ಬ ಎತ್ತರದವನಿದ್ದ.

“ಎಷ್ಟು ಎತ್ತರ?” ಎಂದಳು ದುರ್ಗಿ ಕೊಂಕಣಿಯಲ್ಲಿ. ಮುದುಕಿ ತನ್ನ ತಲೆಯ ಮೇಲೆ ಒಂದು ಗೇಣು ಬಿಟ್ಟು ಕೈ ಹಿಡಿದಳು.

ದುರ್ಗಿ ಆ ಕೈಯನ್ನು ತುಂಬ ಹೊತ್ತು ನೋಡಿದಳು. ಮಾದೇವ ಅಷ್ಟೇ ಎತ್ತರ ಇದ್ದನೋ ಇಲ್ಲವೋ ಅವಳು ಹೇಳಲಿಲ್ಲ. ಎಡಗಡೆಯ ಗುಡ್ಡೆಯ ಹತ್ತಿರ ಕೂತು, ಜಾರಿದ್ದ ಕಲ್ಲುಗಳನ್ನು ಒಂದೊಂದಾಗಿ ಮೇಲಿಡತೊಡಗಿದಳು. ಶಿವಪುತ್ರಪ್ಪ ಬಲಗೈಯಿಂದ ಕಲ್ಲು ಆರಿಸಿ ಅವಳಿಗೆ ಕೊಡುತ್ತ ನಿಂತ. ಅದು ಮುಗಿದ ಮೇಲೆ ಅವಳು ಬಲಗಡೆಯ ಗುಡ್ಡೆಗೂ ಹಾಗೆಯೇ ಮಾಡಿದಳು.